ಎರಡನೇ ಅಚ್ಚು

ಹಂಪನಕಟ್ಟೆಯ ಒಂದು ಮಾಳಿಗೆ ಮೆಟ್ಟಿಲ ಕೊನೆಯಲ್ಲಿ
ಇಪ್ಪತ್ತೆರಡು ವರ್ಷದಿಂದ ಹಲ್ಲು ಮಾಡುತ್ತೇನೆ.
ಡಾಕ್ಟ್ರು ಅಳತೆ ತೆಗೆದು ಕಳಿಸುತ್ತಾರೆ,
ನಾನು ಪ್ಲಾಸ್ಟರಿನಲ್ಲಿ ಅಚ್ಚು ಎರೆದು, ಮೇಣದಲ್ಲಿ ಒಸಡು ತಿದ್ದಿ
ಒಂದೊಂದಾಗಿ ಕೂರಿಸುತ್ತೇನೆ.
ಯಾರದೋ ಮದುವೆಯ ಫೋಟೋದಲ್ಲಿ
ಯಾರದೋ ಅಜ್ಜ ನಕ್ಕರೆ
ಅದು ನನ್ನ ಕೆಲಸ.
ಹಲ್ಲಿಗೆ ಹೆಸರು ಕೆತ್ತುವ ಪದ್ಧತಿ ಇಲ್ಲ.

ಹಾಗಾಗಿ ಇರಬಹುದು, ಐವತ್ತು ತುಂಬುವ ಮುಂಚೆ
ನನ್ನ ಹೆಸರು ಹೊತ್ತ ಏನಾದರೊಂದು
ಮೇಜಿನ ಮೇಲಿರಲಿ ಅನ್ನಿಸಿದ್ದು.

ಮನೆಯಲ್ಲಿ ತುಳು, ಕೆಲಸದಲ್ಲಿ ಅರ್ಧ ಕೊಂಕಣಿ.
ಕನ್ನಡ ನನಗೆ ಇಸ್ತ್ರಿ ಹಾಕಿದ ಅಂಗಿ,
ಬರೆಯುವಾಗ ಮಾತ್ರ ತೊಡುವುದು.
ಇಪ್ಪತ್ತೇಳು ನಂಬ್ರದ ಬಸ್ಸಿನಲ್ಲಿ ನಿಂತೇ ಬರೆದೆ,
ಕೂತರೆ ನಿದ್ದೆ ಬರುತ್ತದೆ.
ಮೂವತ್ತೊಂದು ಪದ್ಯ, ಹೆಚ್ಚಿನವು ಡಾಕ್ಟ್ರ ಚೀಟಿಯ ಹಿಂದೆ:
‘ಮೇಲಿನ ಎಡ ಎರಡು, ಬಣ್ಣ ಎ ಮೂರು’
ಎಂಬುದರ ಬೆನ್ನಿಗೆ ನೇತ್ರಾವತಿ.

ಬಂದರಿನ ಗಲ್ಲಿಯಲ್ಲಿ ಸಮೀರ ಮದುವೆ ಕಾಗದ ಮಾಡುತ್ತಾನೆ,
ಮಂಜುಗಡ್ಡೆ ಕಾರ್ಖಾನೆಯ ರಶೀದಿ ಪುಸ್ತಕ ಮಾಡುತ್ತಾನೆ.
“ಪ್ರಕಾಶಕರು ಯಾರಂತ ಹಾಕುವ?”
“ನಾನೇ.”
“ನಾನೇ ಅಂತ ಹಾಕ್ಲಿಕ್ಕಾಗ್ತದಾ ಮಾರಾಯ್ರೆ?”
ಇಪ್ಪತ್ತೇಳು ನಂಬ್ರ ಪ್ರಕಾಶನ. ಆಯ್ತು.
ಸಾವಿರ ಆದರೆ ಒಂದಕ್ಕೆ ಕಡಿಮೆ ಬೀಳ್ತದೆ, ಎಂದ.
ನನ್ನನ್ನು ಓದಬಹುದಾದವರನ್ನು
ಬೆರಳು ಮಡಚಿ ಎಣಿಸಿದೆ. ಹನ್ನೊಂದು.
ಧೈರ್ಯ ಮಾಡಿ ಅರವತ್ತು ಎಂದೆ.

ಯಾರದೋ ಮದುವೆಗೆ ತಂದು ಉಳಿದ ಹಳದಿ ರಟ್ಟು ರಕ್ಷಾಪುಟ,
ಮೂಗಿಗೆ ಹಿಡಿದರೆ ಗಂಧ.
ನಿಮ್ಮದೊಂದು ಮರ್ಲು ಎನ್ನುತ್ತಲೇ
ವಾರಿಜ ಊಟದ ಮೇಜಿನಲ್ಲಿ ಹಾಳೆ ಮಡಚಿದಳು,
ನಾನು ಗೋಣಿಸೂಜಿಯಲ್ಲಿ ಹೊಲಿದೆ.
ಹದಿನೇಳನೇ ಪುಟದಲ್ಲಿ ಕಡಲು ಹೋಗಿ ಕಡಲೆ:
‘ಸಂಜೆ ಕಡಲೆ ಕೆಂಪಾಗುತ್ತದೆ.’
ಬಿಳಿ ಶಾಯಿಯಲ್ಲಿ ಏತ್ವ ಮುಚ್ಚಿ ಕೊಂಬು ಹಚ್ಚತೊಡಗಿದೆ.
ನಲವತ್ತನೆಯದರ ಹೊತ್ತಿಗೆ
ಕಡಲೆಯೇ ಸರಿ ಅನ್ನಿಸಿತು.
ಉಳಿದ ಇಪ್ಪತ್ತರಲ್ಲಿ ಹಾಗೇ ಉಂಟು.

ಹನ್ನೊಂದು ಕೊಟ್ಟೆ.
ಭಾವ ತಿರುವಿ ನೋಡಿ, ಲಾಭ ಉಂಟಾ ಕೇಳಿ,
ಅದರ ಮೇಲೆ ಚಾ ಗ್ಲಾಸಿಟ್ಟ.
ಭಾನುವಾರ ತಣ್ಣೀರುಬಾವಿಯಲ್ಲಿ ಗಾಳ ಹಾಕಿ ಕೂರುವ ಅವನನ್ನು
ನಾನು ಒಮ್ಮೆಯೂ ಲಾಭ ಕೇಳಿದ್ದಿಲ್ಲ.
ನಲವತ್ತೊಂಬತ್ತು ಮಂಚದಡಿ,
ಪ್ಲಾಸ್ಟರ್ ಬಂದಿದ್ದ ಡಬ್ಬದಲ್ಲಿ.
ಅದರಲ್ಲೊಂದನ್ನು ಡಾಕ್ಟ್ರ ಕೋಣೆಯಲ್ಲಿ ಮರೆತು ಬಂದೆ,
ಬೇಕೆಂದೇ.

ಹೊಸ ಹಲ್ಲು ಕೂರಿಸಿದ ಮೇಲೆ ಮಾತಾಡಿಸಿ ನೋಡಬೇಕು,
ಸ ಸೀಟಿ ಹೊಡೆಯುತ್ತದಾ, ಫ ತುಟಿ ಕಚ್ಚುತ್ತದಾ.
ಡಾಕ್ಟ್ರು ‘ಸಿಕ್ಸ್ಟಿಸಿಕ್ಸ್’ ಹೇಳಿಸುತ್ತಿದ್ದರು.
ಆ ದಿನ ಕುಲಶೇಖರದ ಎಮಿಲ್ದಾ ಬಾಯಿ, ಎಪ್ಪತ್ತೆಂಟು ಪ್ರಾಯ,
ಇಂಗ್ಲಿಷು ಬೇಡ ಎಂದು ಮೇಜಿನಿಂದ ಹಳದಿ ಪುಸ್ತಕ ಎತ್ತಿಕೊಂಡರು.
ಉಜ್ಜಲು ಕರೆದಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ.
‘ಸಂಜೆ ಕಡಲೆ ಕೆಂಪಾಗುತ್ತದೆ,
ಸಾವಕಾಶ, ಸದ್ದಿಲ್ಲದೆ…’
ಒಂದೊಂದು ಸಕಾರಕ್ಕೂ ಸೀಟಿ,
ಬಸ್ಸು ಬಿಡಿಸುವ ಕಂಡಕ್ಟರನ ಹಾಗೆ.
ನಿಲ್ಲಿಸಲಿಲ್ಲ ಬಾಯಮ್ಮ, ಪುಟದ ಕೊನೆಯ ತನಕ ಹೋದರು.
ಕಡಲೆ ಅಲ್ಲ, ಕಡಲು ಎನ್ನಲು ಬಾಯಿ ತೆರೆದೆ,
ಮುಚ್ಚಿದೆ.
“ಬರೆದವನಿಗೆ ಹಸಿವಾಗಿತ್ತು ಕಾಣ್ತದೆ” ಅಂದರು.
ಆಗಿತ್ತು.

ಅಂಗುಳದ ಬಳಿ ಕೂದಲೆಳೆಯಷ್ಟು ಉಜ್ಜಿ ಕೊಟ್ಟೆ.
ಸ ನೆಟ್ಟಗೆ ಕೂತಿತು.
ಪದ್ಯವನ್ನು ಮುಟ್ಟಲಿಲ್ಲ.

ಈಗ ಎಲ್ಲರಿಗೂ ಅದನ್ನೇ ಓದಿಸುತ್ತಾರೆ.
ಜಪ್ಪಿನ ಐತಪ್ಪಣ್ಣ ಓದಿದರು, ಎರಡು ಸಲ,
ಒಂದು ಹಲ್ಲಿಗೆ, ಒಂದು ಸುಮ್ಮನೆ.
ಎಂಜಲು ಬೆರಳಿಗೆ ಹಾಳೆ ಅಲೆಯೆದ್ದು
ಆರು ತಿಂಗಳಿಗೆ ಒಂದು ಪ್ರತಿ ಸವೆಯುತ್ತದೆ;
ಡಬ್ಬದಿಂದ ಇನ್ನೊಂದು ಒಯ್ಯುತ್ತೇನೆ,
ಕಡಲೋ ಕಡಲೆಯೋ ನೋಡುವುದಿಲ್ಲ.

ಎರಡನೇ ಅಚ್ಚು ಯಾವಾಗ, ಸಮೀರ ಕೇಳುತ್ತಾನೆ.
ವರ್ಷಕ್ಕೆ ಎರಡರಂತೆ ನಲವತ್ತೆಂಟಕ್ಕೆ
ಇಪ್ಪತ್ತನಾಲ್ಕು ವರ್ಷ.
ಅಷ್ಟರಲ್ಲಿ ನನ್ನವೂ ಉದುರಿರುತ್ತವೆ.
ಯಾರೋ ಹುಡುಗ ಒಂದು ಜೊತೆ ಕೂರಿಸಿ
ಕೈಗೆ ಹಳದಿ ಪುಸ್ತಕ ಕೊಟ್ಟು
ಓದಿ ಅಜ್ಜ ಎನ್ನುತ್ತಾನೆ.
ನೋಡುವ ಆಗ,
ನನ್ನ ಸ ಹೇಗೆ ಬರ್ತದೆ ಅಂತ.